ಜೇಬಿಗೆ ಹಿಡಿಯುವ ಕಾವ್ಯ: ಲಾರೆನ್ಸ್ ಫೆರ್ಲಿಂಗೆಟ್ಟಿ ನೆನಪು

ಸಾಹಿತ್ಯ ಚರಿತ್ರೆಯಲ್ಲಿ ಪ್ರಕಾಶಕರ ಹೆಸರು ಸಾಮಾನ್ಯವಾಗಿ ಶೀರ್ಷಿಕೆ ಪುಟದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಉಳಿದುಬಿಡುತ್ತದೆ, ಓದುಗರು ಅದನ್ನು ದಾಟಿಕೊಂಡೇ ಒಳಗೆ ಹೋಗುತ್ತಾರೆ. ಕವಿಯೇ ಪ್ರಕಾಶಕನೂ ಆದಾಗ ಈ ರೂಢಿ ಸ್ವಲ್ಪ ಕದಲುತ್ತದೆ. 2021ರ ಫೆಬ್ರವರಿ 22ರಂದು ತಮ್ಮ 101ನೆಯ ವಯಸ್ಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮನೆಯಲ್ಲಿ ತೀರಿಕೊಂಡ ಲಾರೆನ್ಸ್ ಫೆರ್ಲಿಂಗೆಟ್ಟಿ ಬರೆದ ಒಂದು ಕವನ ಸಂಕಲನವೇ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಅಷ್ಟು ಓದುಗರನ್ನು ಪಡೆದ ಇಂಗ್ಲಿಷ್ ಕವಿಗಳು ಬೆರಳೆಣಿಕೆಯಷ್ಟು ಮಂದಿ. ಆದರೂ ಅವರನ್ನು ಮೊದಲು ನೆನೆಯುವುದು ಬೇರೊಬ್ಬ ಕವಿಯ ಪುಸ್ತಕವನ್ನು ಅಚ್ಚುಹಾಕಿ ಅದಕ್ಕಾಗಿ ನ್ಯಾಯಾಲಯದಲ್ಲಿ ಆರೋಪಿಯಾಗಿ ನಿಂತವರೆಂದು. ಇದನ್ನು ಅವರ ಕಾವ್ಯಕ್ಕಾದ ಅನ್ಯಾಯವೆಂದು ಕೆಲವರು ಬಗೆದಿದ್ದಾರೆ. ಹಾಗೆ ತಿಳಿಯಬೇಕಾದ ಅಗತ್ಯವಿಲ್ಲ. ಪುಸ್ತಕದ ಅಳತೆ ಎಷ್ಟಿರಬೇಕು, ಬೆಲೆ ಎಷ್ಟಿರಬೇಕು, ಅಂಗಡಿಯ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂಬಂಥ ದಿನನಿತ್ಯದ ತೀರ್ಮಾನಗಳಲ್ಲಿಯೇ ಅವರ ಕಾವ್ಯಶ್ರದ್ಧೆ ಪೂರ್ಣವಾಗಿ ವ್ಯಕ್ತವಾಗಿದೆ. ಅವರ ಒಳ್ಳೆಯ ಕವಿತೆಗಳಲ್ಲಿಯೂ ಅದು ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಸಣ್ಣ ಪ್ರಕಾಶನ ಎಂಬ ಮಾತಿಗೆ ಕಡಿಮೆ ಬಂಡವಾಳದ ವ್ಯಾಪಾರವೆಂಬುದಷ್ಟೇ ಅರ್ಥವಲ್ಲ. ದೊಡ್ಡ ಪ್ರಕಾಶಕರು ಮಾರಾಟವಾಗುವ ಭರವಸೆಯಿಲ್ಲವೆಂದೋ ಮರ್ಯಾದೆಗೆ ಕುಂದೆಂದೋ ಕಾನೂನಿನ ಭಯದಿಂದಲೋ ಮುಟ್ಟದ ಬರವಣಿಗೆಯನ್ನು, ಕೆಲವು ನೂರು ಪ್ರತಿಗಳಲ್ಲಿ, ಪ್ರಕಾಶಕನೇ ಕಟ್ಟಿ ಹೊತ್ತು ಮಾರುವ ಕೆಲಸಕ್ಕೆ ಆ ಹೆಸರು ಸಲ್ಲುತ್ತದೆ. ಪ್ರತಿಸಂಸ್ಕೃತಿ ಎಂಬ ಇನ್ನೊಂದು ಪದವು ಎರಡನೆಯ ಮಹಾಯುದ್ಧದ ನಂತರದ ಅಮೆರಿಕದಲ್ಲಿ, ಮನೆ, ಕಾರು, ಕಾಯಂ ನೌಕರಿ, ಅಣ್ವಸ್ತ್ರ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡ ಸಮಾಜದ ನಡುವೆಯೇ ಇದ್ದುಕೊಂಡು ಬೇರೆ ಬಗೆಯ ಬದುಕನ್ನು ಹುಡುಕಿದವರ ನಡೆಯನ್ನು ಸೂಚಿಸುತ್ತದೆ. 1950ರ ದಶಕದ ಬೀಟ್ ಲೇಖಕರು ಈ ನಡೆಯ ಮೊದಲ ಗುಂಪು. ಬೀಟ್ ಎಂಬುದಕ್ಕೆ ದಣಿದವರು, ಸೋತವರು ಎಂಬ ಅರ್ಥವೂ ಇತ್ತು, ಸಂಗೀತದ ತಾಳವೆಂಬ ಅರ್ಥವೂ ಇತ್ತು. ಫೆರ್ಲಿಂಗೆಟ್ಟಿ ಈ ಗುಂಪಿನ ಪ್ರಕಾಶಕರಾದರೂ ತಮ್ಮನ್ನು ಬೀಟ್ ಕವಿಯೆಂದು ಕರೆಯುವುದನ್ನು ಒಪ್ಪಲಿಲ್ಲ. ಪ್ಯಾರಿಸ್ಸಿನ ಬಡ ಕಲಾವಿದರ ಕೇರಿಗಳಲ್ಲಿ ಬೆಳೆದ ಹಳೆಯ ಬೊಹೀಮಿಯನ್ ಪರಂಪರೆಯ ಕೊನೆಯ ಕೊಂಡಿ ತಾವೆಂದು ಅವರು ಹೇಳಿಕೊಳ್ಳುತ್ತಿದ್ದರು, ಮತ್ತು ಅವರ ಜೀವನವನ್ನು ನೋಡಿದರೆ ಆ ಮಾತು ಸರಿಯೇ.

ಆ ಜೀವನದ ಆರಂಭವೇ ಹೆಸರಿನ ಗೊಂದಲದಿಂದ ಕೂಡಿತ್ತು. 1919ರ ಮಾರ್ಚ್ 24ರಂದು ನ್ಯೂಯಾರ್ಕ್ ನಗರಕ್ಕೆ ಹೊಂದಿಕೊಂಡಿರುವ ಯಾಂಕರ್ಸ್ ಊರಿನಲ್ಲಿ ಹುಟ್ಟಿದ ಈ ಮಗು ತಂದೆಯ ಮುಖವನ್ನು ಕಾಣಲಿಲ್ಲ. ಇಟಲಿಯಿಂದ ವಲಸೆ ಬಂದಿದ್ದ ತಂದೆ ಮಗು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ತಾಯಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ತಾಯಿಯ ಕಡೆಯ ಬಂಧು ಎಮಿಲಿ ಎಂಬ ಫ್ರೆಂಚ್ ಹೆಂಗಸು ಕೂಸನ್ನು ಎತ್ತಿಕೊಂಡು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದುದರಿಂದ, ಅಮೆರಿಕದ ಆಡುಮಾತಿನಲ್ಲಿ ಬರೆದನೆಂದು ಮುಂದೆ ಹೆಸರಾಗಲಿದ್ದ ಕವಿ ಮೊದಲು ತೊದಲಿದ್ದು ಫ್ರೆಂಚಿನಲ್ಲಿ. ಅಮೆರಿಕಕ್ಕೆ ಮರಳಿದ ಮೇಲೆ ಕೆಲವು ತಿಂಗಳು ಅನಾಥಾಲಯದಲ್ಲಿ ಕಳೆದು, ಬಳಿಕ ಎಮಿಲಿ ಮನೆಪಾಠಕ್ಕೆ ಸೇರಿದ್ದ ಬ್ರಾಂಕ್ಸ್‌ವಿಲ್‌ನ ಸಿರಿವಂತ ಬಿಸ್‌ಲ್ಯಾಂಡ್ ಕುಟುಂಬದಲ್ಲಿ ಬೆಳೆದ ಹುಡುಗನನ್ನು ಎಮಿಲಿ ಅಲ್ಲಿಯೇ ಬಿಟ್ಟು ಹೊರಟುಹೋದರು. ತಂದೆ ಮೊಟಕುಗೊಳಿಸಿಕೊಂಡಿದ್ದ ಫೆರ್ಲಿಂಗ್ ಎಂಬ ಹೆಸರಿನಲ್ಲಿಯೇ ಶಾಲೆ, ಕಾಲೇಜು, ನೌಕಾಪಡೆ ಎಲ್ಲವನ್ನೂ ದಾಟಿದ ಅವರು ಪೂರ್ಣ ಇಟಾಲಿಯನ್ ಹೆಸರನ್ನು ಮರಳಿ ತೊಟ್ಟದ್ದು 1955ರಲ್ಲಿ, ತಮ್ಮ ಮೊದಲ ಪುಸ್ತಕವನ್ನು ತಾವೇ ಪ್ರಕಟಿಸಿದ ವರ್ಷ. ಕಳೆದುಕೊಂಡ ಹೆಸರು ಅವರಿಗೆ ಸಿಕ್ಕಿದ್ದು ತಾವೇ ಅಚ್ಚುಹಾಕಿಸಿದ ಶೀರ್ಷಿಕೆ ಪುಟದಲ್ಲಿ.

ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ 1941ರಲ್ಲಿ ಪದವಿ ಪಡೆದ ಅವರು ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ಸೇರಿ, ಜಲಾಂತರ್ಗಾಮಿಗಳನ್ನು ಬೆನ್ನಟ್ಟುವ ಸಣ್ಣ ಹಡಗೊಂದರ ನಾಯಕರಾಗಿ 1944ರ ನಾರ್ಮಂಡಿ ಇಳಿದಾಣದ ಕಾರ್ಯಾಚರಣೆಯಲ್ಲಿ ಭಾಗವಹಿಸಿದರು. ಅಲ್ಲಿಯವರೆಗೆ ಅವರು ಒಳ್ಳೆಯ ಅಮೆರಿಕನ್ ಹುಡುಗನೇ ಆಗಿದ್ದರು, ಸರ್ಕಾರ ಹೇಳಿದ್ದನ್ನು ನಂಬಿದ್ದರು. 1945ರಲ್ಲಿ ಬಾಂಬು ಬಿದ್ದ ಕೆಲವು ವಾರಗಳ ಮೇಲೆ ನಾಗಸಾಕಿಯನ್ನು ಕಣ್ಣಾರೆ ಕಂಡದ್ದು ಆ ನಂಬಿಕೆಯನ್ನು ಒಂದೇ ದಿನದಲ್ಲಿ ಅಳಿಸಿಹಾಕಿತು, ಆ ದಿನವೇ ತಾವು ಶಾಂತಿವಾದಿಯಾದುದಾಗಿ ಅವರು ಕೊನೆಯವರೆಗೂ ಹೇಳಿದರು. ಅವರ ಮುಂದಿನ ಎಪ್ಪತ್ತೈದು ವರ್ಷಗಳ ಸಾರ್ವಜನಿಕ ನಡವಳಿಕೆಗೆ ಮೂಲವನ್ನು ಹುಡುಕುವವರು ಬೀಟ್ ಕವಿಗಳ ಗೋಷ್ಠಿಗಳಿಗಿಂತ ಮೊದಲು ಈ ಸುಟ್ಟ ನಗರದ ಬಳಿ ನಿಲ್ಲಬೇಕು.

ಯುದ್ಧದಿಂದ ಮರಳಿದ ಸೈನಿಕರ ಓದಿಗೆ ಸರ್ಕಾರ ಹಣ ಕೊಡುತ್ತಿದ್ದ ಯೋಜನೆಯ ನೆರವಿನಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ, ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಆಧುನಿಕ ಕಾವ್ಯದಲ್ಲಿ ನಗರವೆಂಬ ಪ್ರತೀಕವನ್ನು ಕುರಿತು ಡಾಕ್ಟರೇಟನ್ನೂ ಪಡೆದರು. ಆದರೆ ಪ್ಯಾರಿಸ್ಸು ಅವರಿಗೆ ಕೊಟ್ಟದ್ದರಲ್ಲಿ ಡಾಕ್ಟರೇಟಿಗಿಂತ ಹೆಚ್ಚು ಬಾಳಿದ್ದು ಬೇರೆ ಎರಡು ಸಂಗತಿಗಳು. ಒಂದು, ಅಲ್ಲಿ ಪುಸ್ತಕದಂಗಡಿ ನಡೆಸಿದ ಜಾರ್ಜ್ ವಿಟ್‌ಮನ್ ಎಂಬ ಅಮೆರಿಕನ್ನನ ಸ್ನೇಹ. ಆ ಅಂಗಡಿಯೇ ಮುಂದೆ ಶೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು, ಮತ್ತು ಕೊಳ್ಳದವರಿಗೂ ಕುಳಿತು ಓದಲು ಜಾಗ ಕೊಡುವ ಪುಸ್ತಕದಂಗಡಿಯೆಂಬ ಕಲ್ಪನೆ ಈ ಇಬ್ಬರು ಗೆಳೆಯರಿಗೂ ಸಮಾನವಾಗಿತ್ತು. ಇನ್ನೊಂದು, ಪಿಯೆರ್ ಸೆಘೆರ್ಸ್ ಎಂಬ ಕವಿ-ಪ್ರಕಾಶಕ ಹೊರತರುತ್ತಿದ್ದ ಕಿರುಗಾತ್ರದ ಕಾವ್ಯಮಾಲೆ. ಫ್ರಾನ್ಸಿನಲ್ಲಿ ಕಾವ್ಯವನ್ನು ಕಾಗದದ ರಕ್ಷಾಪುಟದಲ್ಲಿ, ಅಗ್ಗದ ಬೆಲೆಯಲ್ಲಿ ಮಾರುವುದು ಯಾರಿಗೂ ಅವಮಾನವೆನಿಸಿರಲಿಲ್ಲ. ಅಮೆರಿಕದಲ್ಲಿ ಪರಿಸ್ಥಿತಿ ಹಾಗಿರಲಿಲ್ಲ: ಗಟ್ಟಿ ರಟ್ಟಿನ ಪುಸ್ತಕಗಳೇ ಪುಸ್ತಕಗಳು, ಕಾಗದದ ಹೊದಿಕೆಯವು ಔಷಧಿ ಅಂಗಡಿಯಲ್ಲೋ ಬಸ್ ನಿಲ್ದಾಣದಲ್ಲೋ ನಿಯತಕಾಲಿಕೆಗಳ ಜೊತೆ ತಿರುಗುವ ಚೌಕಟ್ಟಿನಲ್ಲಿ ನೇತಾಡುವ ಸರಕು.

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ನೆಲೆಸಿದ ಅವರು ಫ್ರೆಂಚ್ ಕವಿ ಜಾಕ್ ಪ್ರೆವೆರನ ಕವಿತೆಗಳನ್ನು ಅನುವಾದಿಸತೊಡಗಿ, ಅವನ್ನು ಪೀಟರ್ ಮಾರ್ಟಿನ್ ಎಂಬ ಸಮಾಜಶಾಸ್ತ್ರದ ಅಧ್ಯಾಪಕ ನಡೆಸುತ್ತಿದ್ದ 'ಸಿಟಿ ಲೈಟ್ಸ್' ಎಂಬ ಪುಟ್ಟ ಪತ್ರಿಕೆಗೆ ಕಳುಹಿಸಿದರು. ಪತ್ರಿಕೆಯ ಹೆಸರು ಚಾಪ್ಲಿನ್ನನ 1931ರ ಚಿತ್ರದಿಂದ ಬಂದದ್ದು. ಪತ್ರಿಕೆಯ ಕೊಠಡಿಯ ಬಾಡಿಗೆಯನ್ನು ತುಂಬಲು ಕೆಳಗೊಂದು ಪುಸ್ತಕದಂಗಡಿ ತೆರೆಯಬೇಕೆಂಬ ಯೋಚನೆ ಮಾರ್ಟಿನ್ನರದು. ಇಬ್ಬರೂ ತಲಾ 500 ಡಾಲರ್ ಹಾಕಿ 1953ರ ಜೂನ್‌ನಲ್ಲಿ ಇಟಾಲಿಯನ್ನರು ಹೆಚ್ಚಾಗಿದ್ದ ನಾರ್ತ್ ಬೀಚ್ ಬಡಾವಣೆಯ 261, ಕೊಲಂಬಸ್ ಅವೆನ್ಯೂದಲ್ಲಿ ತೆರೆದ ಸಿಟಿ ಲೈಟ್ಸ್, ಕಾಗದದ ಹೊದಿಕೆಯ ಪುಸ್ತಕಗಳನ್ನು ಮಾತ್ರ ಮಾರುವ ಆ ದೇಶದ ಮೊದಲ ಅಂಗಡಿಯೆಂದು ಹೆಸರಾಯಿತು. ಪತ್ರಿಕೆ ಬೇಗನೆ ನಿಂತಿತು, ಅಂಗಡಿ ಉಳಿಯಿತು. 1955ರಲ್ಲಿ ಮಾರ್ಟಿನ್ ತಮ್ಮ ಪಾಲನ್ನು ಮಾರಿ ನ್ಯೂಯಾರ್ಕಿಗೆ ಹೊರಟರು.

ಆ ಅಂಗಡಿಯ ನಡೆವಳಿಕೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರಕಾಶನದ ಸ್ವಭಾವ ರೂಪುಗೊಂಡದ್ದು ಅದರಿಂದಲೇ. ಬಾಗಿಲು ಮಧ್ಯರಾತ್ರಿಯವರೆಗೆ ತೆರೆದಿರುತ್ತಿತ್ತು, ಹೀಗಾಗಿ ಹಗಲೆಲ್ಲ ದುಡಿದವನೂ ಹೋಟೆಲಿನಲ್ಲಿ ಸಂಜೆಯ ಪಾಳಿ ಮುಗಿಸಿದವನೂ ಒಳಗೆ ಬರಬಹುದಾಗಿತ್ತು. ಕೊಳ್ಳದೆ ಗಂಟೆಗಟ್ಟಲೆ ಓದುತ್ತಾ ಕುಳಿತವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಊರೂರು ಅಲೆಯುತ್ತಿದ್ದ, ಸ್ವಂತ ವಿಳಾಸವಿಲ್ಲದ ಕವಿಗಳ ಹೆಸರಿಗೆ ಬಂದ ಕಾಗದಗಳನ್ನು ಇಡಲು ಗೋಡೆಯ ಮೇಲೊಂದು ಖಾನೆಗಳ ಹಲಗೆ ಇತ್ತು, ಅವರು ಬಂದಾಗ ತಮ್ಮ ಪತ್ರ ತೆಗೆದುಕೊಂಡು ಹೋಗುತ್ತಿದ್ದರು. ಈ ವಾತಾವರಣವನ್ನು ದಿನದಿನವೂ ಕಾಯ್ದವರು ಶಿಗೆಯೋಶಿ ಮುರಾವೊ. ಸಿಯಾಟಲ್‌ನಲ್ಲಿ ಹುಟ್ಟಿದ ಈ ಜಪಾನಿ ಮೂಲದ ಅಮೆರಿಕನ್, ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ತನ್ನದೇ ಪ್ರಜೆಗಳನ್ನು ಅವರ ಮೂಲದ ಕಾರಣಕ್ಕೆ ಕೂಡಿಹಾಕಿದ ಶಿಬಿರಗಳಲ್ಲಿ ಒಂದಾದ ಐಡಾಹೊದ ಮಿನಿಡೋಕಾದಲ್ಲಿ ತಮ್ಮ ಕುಟುಂಬದೊಡನೆ ಇದ್ದವರು, ಬಳಿಕ ಅದೇ ಸರ್ಕಾರದ ಸೇನೆಯಲ್ಲಿ ದುಡಿದವರು. ಅಂಗಡಿ ಆರಂಭವಾದ ಹೊಸದರಲ್ಲಿ ಸಂಬಳವಿಲ್ಲದೆ ಸೇರಿ ಕ್ರಮೇಣ ಅದರ ವ್ಯವಸ್ಥಾಪಕರೂ ಪಾಲುದಾರರೂ ಆದ ಮುರಾವೊ ಇಲ್ಲದೆ ಸಿಟಿ ಲೈಟ್ಸ್ ಚರಿತ್ರೆಯನ್ನು ಬರೆಯಲಾಗದು, ಆದರೂ ಹಲವು ಲೇಖನಗಳು ಅವರನ್ನು ಗುಮಾಸ್ತನೆಂಬ ಒಂದು ಪದದಲ್ಲಿ ಮುಗಿಸಿಬಿಟ್ಟಿವೆ.

ಪ್ರಕಾಶನ ಶುರುವಾದದ್ದು 1955ರ ಆಗಸ್ಟ್‌ನಲ್ಲಿ. 'ಪಾಕೆಟ್ ಪೊಯೆಟ್ಸ್' ಮಾಲೆಯ ಮೊದಲ ಸಂಖ್ಯೆ ಫೆರ್ಲಿಂಗೆಟ್ಟಿಯವರದೇ 'ಪಿಕ್ಚರ್ಸ್ ಆಫ್ ದ ಗಾನ್ ವರ್ಲ್ಡ್'. ಅದು ಒಟ್ಟು 500 ಪ್ರತಿ, ಮೊಳೆ ಜೋಡಿಸಿ ಅಚ್ಚುಹಾಕಿದ್ದು, ರಕ್ಷಾಪುಟವನ್ನು ಗೆಳೆಯರು ಕೈಯಿಂದಲೇ ಅಂಟಿಸಿದ್ದು. ಅಗಲ ಐದು ಇಂಚು, ಎತ್ತರ ಅದಕ್ಕಿಂತ ತುಸು ಹೆಚ್ಚಿನ, ಹೆಚ್ಚುಕಡಿಮೆ ಚೌಕಾಕಾರದ ಈ ಪುಸ್ತಕ ಕೋಟಿನ ಜೇಬಿನಲ್ಲಿ ಹಿಡಿಯುವಂತಿತ್ತು, ಬೆಲೆ 75 ಸೆಂಟು. ಕಾವ್ಯ ಗಾಜಿನ ಬೀರುವಿನಲ್ಲಿ ಇಡುವ ವಸ್ತುವಲ್ಲ, ಬಸ್ಸಿನಲ್ಲಿ ನಿಂತು ಓದುವಂಥದು, ಮಡಚಿ ಸುಕ್ಕಾಗುವಂಥದು ಎಂಬ ನಿಲುವನ್ನು ಹತ್ತು ಪ್ರಬಂಧಗಳು ಹೇಳಬಹುದಾದುದಕ್ಕಿಂತ ಸ್ಪಷ್ಟವಾಗಿ ಈ ಅಳತೆ ಮತ್ತು ಬೆಲೆ ಹೇಳಿದವು. ಎರಡನೆಯ ಸಂಖ್ಯೆ ಕೆನೆತ್ ರೆಕ್ಸ್‌ರಾತ್ ಅನುವಾದಿಸಿದ ಸ್ಪ್ಯಾನಿಷ್ ಕವಿತೆಗಳು, ಮೂರನೆಯದು ಕೆನೆತ್ ಪ್ಯಾಚೆನ್ನರದು. ಮಾಲೆಯನ್ನು ಒಂದು ಗುಂಪಿನ ಧ್ವಜವಾಗಿಸದೆ, ಹೊರದೇಶಗಳ ಕವಿಗಳನ್ನೂ ಹಿರಿಯರನ್ನೂ ಹೊಸಬರನ್ನೂ ಒಂದೇ ಅಳತೆಯ ಪುಸ್ತಕಗಳಲ್ಲಿ ಕೂರಿಸಬೇಕೆಂಬ ಇರಾದೆ ಮೊದಲಿನಿಂದಲೂ ಇತ್ತು. ಪ್ರೆವೆರ್, ಚಿಲಿಯ ನಿಕನೋರ್ ಪಾರಾ, ಡೆನೀಸ್ ಲೆವರ್ಟೊವ್, ಗ್ರೆಗರಿ ಕಾರ್ಸೊ, ಫ್ರ್ಯಾಂಕ್ ಒಹಾರ ಮುಂತಾದವರು ಮುಂದಿನ ಹತ್ತು ವರ್ಷಗಳಲ್ಲಿ ಆ ಸಾಲಿಗೆ ಸೇರಿದರು.

ನಾಲ್ಕನೆಯ ಸಂಖ್ಯೆಯ ಕಥೆ ಬೇರೆ. 1955ರ ಅಕ್ಟೋಬರ್ 7ರಂದು ಫಿಲ್‌ಮೋರ್ ಬೀದಿಯ ಸಿಕ್ಸ್ ಗ್ಯಾಲರಿಯಲ್ಲಿ, ಹಿಂದೆ ವಾಹನ ದುರಸ್ತಿಯ ಶೆಡ್ ಆಗಿದ್ದ ಜಾಗದಲ್ಲಿ, ರೆಕ್ಸ್‌ರಾತ್ ನಿರೂಪಣೆಯಲ್ಲಿ ಐವರು ಕವಿಗಳು ಓದಿದರು: ಫಿಲಿಪ್ ಲಮಾಂಟಿಯ, ಮೈಕಲ್ ಮೆಕ್ಲೂರ್, ಫಿಲಿಪ್ ವೇಲನ್, ಗ್ಯಾರಿ ಸ್ನೈಡರ್ ಮತ್ತು ಅಲೆನ್ ಗಿನ್ಸ್‌ಬರ್ಗ್. ಗಿನ್ಸ್‌ಬರ್ಗ್ ಅಂದು ಓದಿದ್ದು 'ಹೌಲ್', ಅಂದರೆ ಊಳು, ಎಂಬ ದೀರ್ಘ ಕವಿತೆಯ ಮೊದಲ ಭಾಗ. ತಮ್ಮ ತಲೆಮಾರಿನ ಹುಚ್ಚನ್ನೂ ಹತಾಶೆಯನ್ನೂ ಲೈಂಗಿಕತೆಯನ್ನೂ ಮುಚ್ಚುಮರೆಯಿಲ್ಲದೆ, ಉಸಿರು ಮುಗಿಯುವವರೆಗೆ ಚಾಚುವ ಸಾಲುಗಳಲ್ಲಿ ಹೇಳುವ ಆ ಕವಿತೆಯನ್ನು ಸಭಿಕರ ನಡುವೆ ಕುಳಿತು ಕೇಳಿದ ಫೆರ್ಲಿಂಗೆಟ್ಟಿ, ನೂರು ವರ್ಷಗಳ ಹಿಂದೆ ಎಮರ್ಸನ್ ಕವಿ ವಾಲ್ಟ್ ವಿಟ್‌ಮನ್ನನಿಗೆ ಬರೆದ ಪ್ರಖ್ಯಾತ ಪತ್ರದ ಮಾತನ್ನು ನೆನಪಿಸುವ ತಂತಿಯೊಂದನ್ನು ಗಿನ್ಸ್‌ಬರ್ಗ್‌ಗೆ ಕಳುಹಿಸಿ, ಹಸ್ತಪ್ರತಿ ಯಾವಾಗ ಕೊಡುತ್ತೀರಿ ಎಂದು ಕೇಳಿದರು. ಇಲ್ಲಿ ಗಮನಿಸಬೇಕಾದ ಸಂಗತಿ, ಅವರು ಆವೇಶಕ್ಕೆ ಒಳಗಾಗಿ ಪುಸ್ತಕವನ್ನು ಅಚ್ಚಿಗೆ ಕೊಡಲಿಲ್ಲ. ಕಾನೂನಿನ ತೊಂದರೆ ಬರಬಹುದೆಂದು ಮೊದಲೇ ಊಹಿಸಿ, ನಾಗರಿಕ ಹಕ್ಕುಗಳ ರಕ್ಷಣೆಗೆಂದೇ ಇರುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ಸಂಸ್ಥೆಗೆ ಹಸ್ತಪ್ರತಿಯನ್ನು ತೋರಿಸಿ, ಮೊಕದ್ದಮೆಯಾದರೆ ನಿಲ್ಲುತ್ತೀರಾ ಎಂದು ವಿಚಾರಿಸಿಕೊಂಡಿದ್ದರು. ಧೈರ್ಯವೆಂದರೆ ಪರಿಣಾಮ ತಿಳಿಯದೆ ಹಾರುವುದಲ್ಲ ಎಂಬುದು ಈ ಪ್ರಕಾಶಕನಿಗೆ ಗೊತ್ತಿತ್ತು, ಯುದ್ಧದಲ್ಲಿ ಹಡಗು ನಡೆಸಿದವರಿಗೆ ಗೊತ್ತಿರುವಂತೆ.

ಪುಸ್ತಕವನ್ನು ಅಗ್ಗವಾಗಿ ಅಚ್ಚುಹಾಕಿಕೊಡುತ್ತಿದ್ದ ಲಂಡನ್ನಿನ ವಿಲಿಯರ್ಸ್ ಮುದ್ರಣಾಲಯಕ್ಕೆ ಕೊಟ್ಟದ್ದರಿಂದ ಪ್ರತಿಗಳು ಹಡಗಿನಲ್ಲಿ ಬರಬೇಕಿತ್ತು. 1956ರ ಮೊದಲ ಮುದ್ರಣ ಯಾರ ಕಣ್ಣಿಗೂ ಬೀಳದೆ ಒಳಗೆ ಬಂತು. ಎರಡನೆಯ ಮುದ್ರಣದ 520 ಪ್ರತಿಗಳನ್ನು 1957ರ ಮಾರ್ಚ್ 25ರಂದು ಸುಂಕದ ಅಧಿಕಾರಿಗಳು ಅಶ್ಲೀಲವೆಂದು ಮುಟ್ಟುಗೋಲು ಹಾಕಿಕೊಂಡರು. ಮುಖಬೆಲೆಯ ಲೆಕ್ಕದಲ್ಲಿ ಅವೆಲ್ಲ ಸೇರಿ 390 ಡಾಲರಿನ ಸರಕು. ಸುಂಕದ ಇಲಾಖೆಯ ಅಧಿಕಾರ ಹೊರದೇಶದಿಂದ ಬಂದ ವಸ್ತುಗಳ ಮೇಲೆ ಮಾತ್ರ ನಡೆಯುತ್ತದೆಂಬುದನ್ನು ತಿಳಿದಿದ್ದ ಫೆರ್ಲಿಂಗೆಟ್ಟಿ, ಮುದ್ರಿತ ಪುಟಗಳ ಛಾಯಾಚಿತ್ರ ತೆಗೆದು ಅದರಿಂದಲೇ ಮತ್ತೆ ಅಚ್ಚುಹಾಕುವ ಫೋಟೊ-ಆಫ್‌ಸೆಟ್ ವಿಧಾನದಲ್ಲಿ ಅಮೆರಿಕದಲ್ಲಿಯೇ ಹೊಸ ಮುದ್ರಣವನ್ನು ಮಾಡಿಸಿ ಅಂಗಡಿಯಲ್ಲಿಟ್ಟರು. ಸರ್ಕಾರಿ ವಕೀಲರು ಮೊಕದ್ದಮೆ ಹೂಡಲು ಮುಂದಾಗದ ಕಾರಣ ಮೇ ತಿಂಗಳ ಕೊನೆಯಲ್ಲಿ ಸುಂಕದವರು ಪ್ರತಿಗಳನ್ನು ಬಿಟ್ಟುಕೊಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ಜೂನ್ 3ರಂದು ನಗರದ ಪೊಲೀಸ್ ಇಲಾಖೆಯ ಬಾಲಾಪರಾಧ ವಿಭಾಗದ ಇಬ್ಬರು ಸಾದಾ ಉಡುಪಿನಲ್ಲಿ ಅಂಗಡಿಗೆ ಬಂದು, ಹಣ ಕೊಟ್ಟು 'ಹೌಲ್' ಕೊಂಡು, ಮಾರಿದ ಮುರಾವೊ ಅವರನ್ನು ಬಂಧಿಸಿ ಕರೆದೊಯ್ದರು. ಆಗ ಊರಲ್ಲಿರದ ಫೆರ್ಲಿಂಗೆಟ್ಟಿ ಬಂದು ತಾವೂ ಪೊಲೀಸರಿಗೆ ಒಪ್ಪಿಸಿಕೊಂಡರು. ಕವಿತೆ ಬರೆದ ಗಿನ್ಸ್‌ಬರ್ಗ್ ದೇಶದಲ್ಲಿಯೇ ಇರಲಿಲ್ಲ, ಅವರ ಮೇಲೆ ಆರೋಪವೂ ಇರಲಿಲ್ಲ. ಕವಿತೆಯ ಮೊಕದ್ದಮೆಯೆಂದು ಪ್ರಸಿದ್ಧವಾದ ಪ್ರಕರಣದಲ್ಲಿ ಆರೋಪಿಗಳು ಪುಸ್ತಕ ಮಾರಿದವನು ಮತ್ತು ಅಚ್ಚುಹಾಕಿದವನು ಎಂಬುದನ್ನು ಮರೆಯಬಾರದು.

ನ್ಯಾಯಮಂಡಲಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸುವುದಕ್ಕೆ ಆರೋಪಿಗಳು ಒಪ್ಪಿದರು. ಆ ನ್ಯಾಯಾಧೀಶ ಕ್ಲೇಟನ್ ಹಾರ್ನ್ ಭಾನುವಾರಗಳಂದು ಬೈಬಲ್ ತರಗತಿ ನಡೆಸುತ್ತಿದ್ದ ಧರ್ಮಶ್ರದ್ಧರು, ಅಂಗಡಿ ಕಳ್ಳತನದಲ್ಲಿ ಸಿಕ್ಕ ಹೆಂಗಸರಿಗೆ 'ದ ಟೆನ್ ಕಮ್ಯಾಂಡ್‌ಮೆಂಟ್ಸ್' ಸಿನಿಮಾ ನೋಡಿ ಬರುವಂತೆ ಶಿಕ್ಷೆ ವಿಧಿಸಿ ಸುದ್ದಿಯಾಗಿದ್ದವರು. ಅವರಿಂದ ಸಾಹಿತ್ಯಪರ ತೀರ್ಪನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸಿವಿಲ್ ಲಿಬರ್ಟೀಸ್ ಯೂನಿಯನ್ ಕಡೆಯಿಂದ ಆಲ್ಬರ್ಟ್ ಬೆಂಡಿಕ್, ಲಾರೆನ್ಸ್ ಸ್ಪೈಸರ್ ಹಾಗೂ ಹೆಸರಾಂತ ಕ್ರಿಮಿನಲ್ ವಕೀಲ ಜೇಕ್ ಎರ್ಲಿಕ್ ವಾದಿಸಿದರು. ವಿಮರ್ಶಕ ಮಾರ್ಕ್ ಷೋರರ್, ರೆಕ್ಸ್‌ರಾತ್ ಮೊದಲಾದ ಒಂಬತ್ತು ಮಂದಿ ಪುಸ್ತಕದ ಸಾಹಿತ್ಯಿಕ ಮೌಲ್ಯದ ಬಗ್ಗೆ ಸಾಕ್ಷಿ ನುಡಿದರು. ಪದಗಳನ್ನು ಒಂದೊಂದಾಗಿ ಎತ್ತಿ ಇದರ ಅರ್ಥವೇನು, ಇದು ಇಲ್ಲಿ ಏಕೆ ಬೇಕು ಎಂದು ಕೇಳುತ್ತಿದ್ದ ಸರ್ಕಾರಿ ವಕೀಲರಿಗೆ, ಕವಿತೆಯನ್ನು ಗದ್ಯಕ್ಕೆ ಇಳಿಸಿ ಹೇಳಲಾಗದೆಂಬ ಉತ್ತರವನ್ನು ವಿದ್ವಾಂಸರು ಕೊಡಬೇಕಾಗಿ ಬಂದ ಆ ವಿಚಾರಣೆ, ಒಂದು ಬಗೆಯಲ್ಲಿ ಕಾವ್ಯಮೀಮಾಂಸೆಯ ಪಾಠವೇ ಆಗಿತ್ತು. ಮುರಾವೊ ಮಾರಿದ ಪುಸ್ತಕವನ್ನು ಅವರು ಓದಿದ್ದರೆಂದು ತೋರಿಸಲು ಆಧಾರವಿಲ್ಲದ್ದರಿಂದ ಅವರ ಮೇಲಿನ ಆರೋಪ ಬಿದ್ದುಹೋಯಿತು. ಉಳಿದವರು ಫೆರ್ಲಿಂಗೆಟ್ಟಿ ಒಬ್ಬರೇ.

ಅದೇ ಬೇಸಿಗೆಯಲ್ಲಿ, 1957ರ ಜೂನ್‌ನಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ರಾತ್ ಪ್ರಕರಣದಲ್ಲಿ ಅಶ್ಲೀಲ ಬರಹಕ್ಕೆ ಸಂವಿಧಾನದ ವಾಕ್ ಸ್ವಾತಂತ್ರ್ಯದ ರಕ್ಷೆಯಿಲ್ಲವೆಂದು ಹೇಳಿತ್ತಾದರೂ, ಅಶ್ಲೀಲವೆಂಬುದಕ್ಕೆ ಬಿಗಿಯಾದ ಲಕ್ಷಣವನ್ನೂ ಕೊಟ್ಟಿತ್ತು: ಬಿಡಿ ಪದಗಳನ್ನು ನೋಡದೆ ಕೃತಿಯ ಒಟ್ಟು ಭಾವವನ್ನು, ಅದೂ ಸಾಧಾರಣ ಮನುಷ್ಯನ ದೃಷ್ಟಿಯಿಂದ, ಅಳೆಯಬೇಕು. ಹಾರ್ನ್ ಈ ತೀರ್ಪನ್ನೂ ಹಳೆಯ ಪ್ರಕರಣಗಳನ್ನೂ ಶ್ರದ್ಧೆಯಿಂದ ಓದಿ, ಅಕ್ಟೋಬರ್ 3ರಂದು ಕೊಟ್ಟ ಬರಹ ರೂಪದ ತೀರ್ಪಿನಲ್ಲಿ, ಕಿಂಚಿತ್ತಾದರೂ ಸಾಮಾಜಿಕ ಮಹತ್ವವಿರುವ ಕೃತಿಯನ್ನು ಅಶ್ಲೀಲವೆನ್ನಲಾಗದು ಎಂದು ಹೇಳಿ ಫೆರ್ಲಿಂಗೆಟ್ಟಿಯವರನ್ನು ಬಿಡುಗಡೆ ಮಾಡಿದರು. ಪುರಸಭಾ ಮಟ್ಟದ ನ್ಯಾಯಾಲಯದ ತೀರ್ಪು ಬೇರೆ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದ್ದರಿಂದ, ಈ ಒಂದು ತೀರ್ಪಿನಿಂದಲೇ ಅಮೆರಿಕದಲ್ಲಿ ಮುದ್ರಣ ಸ್ವಾತಂತ್ರ್ಯ ಬಂತೆಂದು ಹೇಳುವುದು ಅತಿಶಯೋಕ್ತಿ. ಡಿ. ಎಚ್. ಲಾರೆನ್ಸ್ ಮತ್ತು ಹೆನ್ರಿ ಮಿಲ್ಲರ್ ಕಾದಂಬರಿಗಳಿಗಾಗಿ ಗ್ರೋವ್ ಪ್ರೆಸ್ 1959ರಿಂದ ಮುಂದೆ ನಡೆಸಿದ ಹೋರಾಟಗಳೇ ಕಾನೂನನ್ನು ವಾಸ್ತವವಾಗಿ ಬದಲಿಸಿದವು. ಆದರೆ ದೊಡ್ಡ ಹಣವಿಲ್ಲದ, ಐದಾರು ಪುಸ್ತಕಗಳಷ್ಟೇ ಪಟ್ಟಿಯಲ್ಲಿದ್ದ ಒಂದು ಅಂಗಡಿ ಪ್ರಕಾಶನ ನ್ಯಾಯಾಲಯದಲ್ಲಿ ಗೆದ್ದು ತೋರಿಸಿದ್ದು ಅವರಿಗೆಲ್ಲ ಬಲ ತಂದಿತೆಂಬುದರಲ್ಲಿ ಸಂದೇಹವಿಲ್ಲ.

ಮೊಕದ್ದಮೆ ಪುಸ್ತಕವನ್ನು ಮಾರಿಕೊಟ್ಟಿತು. ತಡೆಯಹೊರಟವರೇ ಜಾಹೀರಾತು ಮಾಡಿದಂತಾಗಿ, 'ಹೌಲ್' ಮುಂದಿನ ದಶಕಗಳಲ್ಲಿ 10 ಲಕ್ಷ ಪ್ರತಿಗಳ ಗಡಿ ದಾಟಿತು. ಆ ಆದಾಯ ಹೆಚ್ಚು ಮಾರಾಟವಾಗದ ಇತರ ಕವಿಗಳನ್ನು ಹೊತ್ತಿತು. ಹೆಸರು ಬಂದ ಮೇಲೆ ದೊಡ್ಡ ಪ್ರಕಾಶಕರ ಕಡೆ ಹೋಗುವುದು ಲೇಖಕರ ಸಹಜ ನಡೆಯಾದರೂ, ಗಿನ್ಸ್‌ಬರ್ಗ್ ತಮ್ಮ ಪ್ರಮುಖ ಕವನ ಸಂಕಲನಗಳನ್ನು 1984ರಲ್ಲಿ ಸಮಗ್ರ ಕಾವ್ಯ ಬೇರೆಡೆ ಹೊರಬರುವವರೆಗೂ ಸಿಟಿ ಲೈಟ್ಸ್‌ಗೇ ಕೊಟ್ಟರು. ಕವಿ ಮತ್ತು ಪ್ರಕಾಶಕರ ನಡುವೆ ಮೂರು ದಶಕ ಉಳಿದ ಈ ನಂಬಿಕೆ ಆ ಕಾಲದ ಪ್ರಣಾಳಿಕೆಗಳಿಗಿಂತ ದೊಡ್ಡದು.

ಎಲ್ಲ ತೀರ್ಮಾನಗಳೂ ಸರಿಯಾದವೆಂದಲ್ಲ. ಬೀಟ್ ಬಳಗದವರೇ ಆದ ವಿಲಿಯಂ ಬರೋಸ್‌ರ 'ನೇಕೆಡ್ ಲಂಚ್' ಅನ್ನೂ ಜ್ಯಾಕ್ ಕೆರೊವಾಕ್‌ರ 'ಮೆಕ್ಸಿಕೊ ಸಿಟಿ ಬ್ಲೂಸ್' ಅನ್ನೂ ಫೆರ್ಲಿಂಗೆಟ್ಟಿ ತೆಗೆದುಕೊಳ್ಳಲಿಲ್ಲ. ಎರಡೂ ಬೇರೆಯವರ ಕೈಯಲ್ಲಿ ಹೊರಬಂದು ಉಳಿದವು. ಮಾಲೆಯ ಮೊದಲ ವರ್ಷಗಳಲ್ಲಿ ಮರೀ ಪಾನ್ಸೋ ಮತ್ತು ಲೆವರ್ಟೊವ್ ಇದ್ದರಾದರೂ ಒಟ್ಟಾರೆ ಹೆಣ್ಣುದನಿಗಳು ಕಡಿಮೆ, ಬೀಟ್ ಬಳಗದ ಗಂಡಾಳಿಕೆಯ ನೆರಳು ಪ್ರಕಾಶನದ ಮೇಲೂ ಬಿದ್ದಿತ್ತೆಂದು ಒಪ್ಪಲೇಬೇಕು. 1971ರಲ್ಲಿ ಪ್ರಕಟವಾದ ಡಯಾನ್ ಡಿ ಪ್ರೀಮಾ ಅವರ 'ರೆವಲ್ಯೂಷನರಿ ಲೆಟರ್ಸ್' ಹಾಗೂ ಅದೇ ಕಾಲಕ್ಕೆ ಸಂಪಾದಕಿಯಾಗಿ ಬಂದು ಮುಂದೆ ಪ್ರಕಾಶನವನ್ನೇ ಮುನ್ನಡೆಸಿದ ನ್ಯಾನ್ಸಿ ಪೀಟರ್ಸ್ ಅವರ ದುಡಿಮೆಯಿಂದ ಆ ಕೊರತೆ ತಡವಾಗಿ ಕಡಿಮೆಯಾಯಿತು.

ಫೆರ್ಲಿಂಗೆಟ್ಟಿಯವರ ಸ್ವಂತ ಕಾವ್ಯದ ಬಗ್ಗೆ ವಿಮರ್ಶಕರು ಒಂದಾಗಿಲ್ಲ. 1958ರ 'ಎ ಕೋನಿ ಐಲ್ಯಾಂಡ್ ಆಫ್ ದ ಮೈಂಡ್' ಅವರ ಅತ್ಯಂತ ಜನಪ್ರಿಯ ಕೃತಿ. ಅದನ್ನು ಅವರು ತಮ್ಮಲ್ಲಿ ಪ್ರಕಟಿಸದೆ ಜೇಮ್ಸ್ ಲಾಫ್ಲಿನ್ ನಡೆಸುತ್ತಿದ್ದ ನ್ಯೂ ಡೈರೆಕ್ಷನ್ಸ್‌ಗೆ ಕೊಟ್ಟರು. ಅದರ ಕೆಲವು ಕವಿತೆಗಳು ಜಾಜ್ ಸಂಗೀತದ ಜೊತೆ ಗಟ್ಟಿಯಾಗಿ ಹೇಳಲೆಂದೇ ಬರೆದಂಥವು, ಪುಟದ ಮೇಲೆ ಸಾಲುಗಳು ಮೆಟ್ಟಿಲಿನಂತೆ ಇಳಿಯುತ್ತವೆ, ಭಾಷೆ ಬೀದಿಯದು, ಚಿತ್ರಗಳು ಗೋಯಾ ಮತ್ತು ಶಗಾಲ್‌ರಂಥ ಚಿತ್ರಕಾರರಿಂದ ಬಂದವು. ಸ್ವತಃ ಚಿತ್ರಕಾರರಾಗಿದ್ದ ಅವರಿಗೆ ಇದು ಸಹಜ. ಪ್ರಯತ್ನವಿಲ್ಲದೆ ಅರ್ಥವಾಗುವುದರಿಂದ ಹಗುರ ಕಾವ್ಯವೆಂದು ಪಂಡಿತರು ಬದಿಗಿಟ್ಟದ್ದುಂಟು. ಅರವತ್ತು ವರ್ಷಗಳ ಬರವಣಿಗೆಯಲ್ಲಿ ಭಾಷಣವಾಗಿ ಸಡಿಲಗೊಂಡ ಕವಿತೆಗಳು ಸಾಕಷ್ಟಿವೆ, ನಿಜ. ಆದರೆ ಕಾವ್ಯ ತಮಗಲ್ಲವೆಂದು ದೂರವಿದ್ದ ಲಕ್ಷಾಂತರ ಜನರನ್ನು ಅದರ ಹೊಸ್ತಿಲು ದಾಟಿಸಿದ ಕವಿಯನ್ನು ಸುಲಭನೆಂಬ ಕಾರಣಕ್ಕೆ ತಳ್ಳಿಹಾಕುವುದು ಸಂಕುಚಿತ ವಿಮರ್ಶೆ.

ಭಾರತದ ಓದುಗರಿಗೆ ಸಿಟಿ ಲೈಟ್ಸ್ ಜೊತೆಗಿನ ನೇರ ನಂಟು ಗಿನ್ಸ್‌ಬರ್ಗ್ ಮೂಲಕ ಬಂತು. 1962ರ ಫೆಬ್ರವರಿಯಲ್ಲಿ ಮುಂಬಯಿಗೆ ಬಂದಿಳಿದು ಮರುವರ್ಷದವರೆಗೆ ಕಲ್ಕತ್ತೆ, ಕಾಶಿಗಳಲ್ಲಿ ಇದ್ದ ಗಿನ್ಸ್‌ಬರ್ಗ್ ಅಲ್ಲಿ ಬಂಗಾಳಿಯ ಹಂಗ್ರಿ ಪೀಳಿಗೆಯ ಕವಿಗಳನ್ನು ಕಂಡರು. ಮಲಯ್ ರಾಯ್‌ಚೌಧುರಿ ಮೊದಲಾದ ಈ ಯುವಕರು ಒಂದೇ ಹಾಳೆಯ ಕರಪತ್ರಗಳಲ್ಲಿ ಕವಿತೆ, ಪ್ರಣಾಳಿಕೆಗಳನ್ನು ಅಚ್ಚುಹಾಕಿ ಹಂಚುತ್ತಿದ್ದರು, ಅಂದರೆ ಸಣ್ಣ ಪ್ರಕಾಶನದ ಅತಿ ಸಣ್ಣ ರೂಪವನ್ನು ತಾವೇ ಕಂಡುಕೊಂಡಿದ್ದರು. ಫೆರ್ಲಿಂಗೆಟ್ಟಿ 1963ರಲ್ಲಿ ಆರಂಭಿಸಿದ 'ಸಿಟಿ ಲೈಟ್ಸ್ ಜರ್ನಲ್' ಅವರ ಬರಹಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. 1964ರಲ್ಲಿ ಮಲಯ್ ರಾಯ್‌ಚೌಧುರಿ ಒಂದು ಕವಿತೆಗಾಗಿ ಅಶ್ಲೀಲತೆಯ ಆರೋಪದ ಮೇಲೆ ಬಂಧನಕ್ಕೊಳಗಾಗಿ, ಕೆಳ ನ್ಯಾಯಾಲಯದಲ್ಲಿ 200 ರೂಪಾಯಿ ದಂಡಕ್ಕೆ ಗುರಿಯಾಗಿ, 1967ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ಬಿಡುಗಡೆ ಪಡೆದರು. ಎರಡು ದೇಶಗಳಲ್ಲಿ ಹತ್ತು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ ನಮ್ಮ ಭಾಷೆಗಳಲ್ಲಿ ಇನ್ನೂ ಆಗಬೇಕಾಗಿದೆ.

ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಭರ್ತಿ ಮಾಡುವ ಓಕ್‌ಲ್ಯಾಂಡ್ ಕೇಂದ್ರದ ಮುಂದೆ 1967ರಲ್ಲಿ ಧರಣಿ ಕುಳಿತು ಫೆರ್ಲಿಂಗೆಟ್ಟಿ ಜೈಲು ಸೇರಿದರು. ಯುದ್ಧಕ್ಕೆ ಹೋಗುವ ತೆರಿಗೆಯನ್ನು ಕೊಡುವುದಿಲ್ಲವೆಂಬ ಲೇಖಕರ ಪ್ರತಿಜ್ಞೆಗೆ ಮರುವರ್ಷ ಸಹಿ ಹಾಕಿದರು. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ಮೊದಲ ಆಸ್ಥಾನಕವಿಯೆಂದು ಅವರನ್ನೇ ಆರಿಸಿತು. 2012ರಲ್ಲಿ ಹಂಗೇರಿಯಿಂದ ಬಂದ 50,000 ಯೂರೊಗಳ ಪ್ರಶಸ್ತಿಯಲ್ಲಿ, ವಾಕ್ ಸ್ವಾತಂತ್ರ್ಯವನ್ನು ಹತ್ತಿಕ್ಕುತ್ತಿದೆಯೆಂದು ತಾವು ಭಾವಿಸಿದ ಅಲ್ಲಿನ ಸರ್ಕಾರದ ಹಣವೂ ಸೇರಿದೆಯೆಂದು ತಿಳಿದಾಗ, ತೊಂಬತ್ತಮೂರರ ವಯಸ್ಸಿನಲ್ಲಿ, ಅದನ್ನು ಬೇಡವೆಂದರು.

ಬಾಡಿಗೆಯ ಕಟ್ಟಡವನ್ನು ಸಿಟಿ ಲೈಟ್ಸ್ 1999ರಲ್ಲಿ ಕೊಂಡುಕೊಂಡಿತು, 2001ರಲ್ಲಿ ನಗರಾಡಳಿತ ಅದನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. ನೂರು ತುಂಬಿದ 2019ರ ಮಾರ್ಚ್‌ನಲ್ಲಿ 'ಲಿಟ್ಲ್ ಬಾಯ್' ಎಂಬ ಅವರ ಕೊನೆಯ ಪುಸ್ತಕ ಬಂತು. ಆತ್ಮಕಥೆಯೆಂದು ಕರೆಯುವುದನ್ನು ಅವರು ಇಷ್ಟಪಡದ ಈ ಬರಹ ತಾಯ್ತಂದೆಗಳಿಲ್ಲದ ಪುಟ್ಟ ಹುಡುಗನಿಂದ ಶುರುವಾಗಿ, ಕ್ರಮೇಣ ವಿರಾಮಚಿಹ್ನೆಗಳನ್ನು ಕಳಚಿಕೊಂಡು, ನೆನಪುಗಳ ಒಂದೇ ಹರಿವಾಗುತ್ತದೆ. ಒಂದು ವರ್ಷದ ನಂತರ ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿ ಉಳಿಯುವುದೇ ಕಷ್ಟವಾದಾಗ, ಓದುಗರು ಕೆಲವೇ ದಿನಗಳಲ್ಲಿ 3 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. 1953ರ ಮೂಲ ಬಂಡವಾಳ 1,000 ಡಾಲರ್. ಮುರಾವೊ ಇದನ್ನು ನೋಡಲು ಇರಲಿಲ್ಲ, 1999ರಲ್ಲಿಯೇ ತೀರಿಕೊಂಡಿದ್ದರು. ಅಂಗಡಿ ಇಂದಿಗೂ ಅದೇ ವಿಳಾಸದಲ್ಲಿ ನಡೆಯುತ್ತಿದೆ, ಮಹಡಿಯ ಮೇಲಿನ ಕೋಣೆಯನ್ನು ಕಾವ್ಯಕ್ಕೆಂದೇ ಬಿಟ್ಟಿದ್ದಾರೆ, ಮತ್ತು ಮಾಲೆಯ ನಾಲ್ಕನೆಯ ಸಂಖ್ಯೆ ಅದೇ ಕಪ್ಪು-ಬಿಳುಪು ರಕ್ಷಾಪುಟದೊಡನೆ, ಜೇಬಿಗೆ ಹಿಡಿಯುವ ಅದೇ ಗಾತ್ರದಲ್ಲಿ, ಈಗಲೂ ಮುದ್ರಣದಲ್ಲಿದೆ.